ಮಾಟ ಯಾವಾಗಲೂ ಗಡಿಯ ಆಚೆ

ಬೆಂಗಳೂರಿನಲ್ಲಿ ನಾನು ಕಾಸರಗೋಡಿನವನು ಅಂದರೆ ಸಾಕು, 'ಓ, ಕೇರಳ! ಅಲ್ಲಿ ಮಾಟ ಮಂತ್ರ ಜಾಸ್ತಿ ಅಲ್ವಾ?' ಅಂತ ಕಣ್ಣರಳಿಸುತ್ತಾರೆ. ಊರಿಗೆ ಬಂದರೆ ನಮ್ಮವರು ಕೊಳ್ಳೇಗಾಲದ ಹೆಸರು ಹೇಳಿ ಹೆದರುತ್ತಾರೆ. ಕೊಳ್ಳೇಗಾಲದವರು ಯಾವ ಊರನ್ನು ಕಂಡು ಹೆದರುತ್ತಾರೋ, ಒಮ್ಮೆ ಕೇಳಬೇಕು.

ತಮಾಷೆ ಹೌದು. ಆದರೆ ಇದೇ ಹೆದರಿಕೆಯಿಂದ ನಮ್ಮ ಮನೆ ಎರಡಾಯಿತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ವಿಪರೀತ ಸುಸ್ತು ಶುರುವಾಯಿತು. ಕೂದಲು ಉದುರುತ್ತಿತ್ತು, ಸುಮ್ನೆ ಕೂತಲ್ಲೇ ಅಳು ಬರುತ್ತಿತ್ತು. ಅದೇ ಮಳೆಗಾಲ ಹಾಲು ಕರೆಯುವ ದನ ಸತ್ತಿತು, ಅಡಿಕೆಗೆ ಕೊಳೆರೋಗ ಬಂತು. ಕೊಳೆರೋಗ ಬರದ ಮಳೆಗಾಲ ನಮ್ಮಲ್ಲಿ ಎಷ್ಟು ಉಂಟು ಹೇಳಿ? ಆದರೆ ಆ ಸಲ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿದರು. ಯಾರೋ ಒಬ್ಬ ಮಂತ್ರವಾದಿಯನ್ನು ಕರೆದುಕೊಂಡು ಬಂದರು. ಅವನು ಕವಡೆ ಎಣಿಸಿದ, ಲಿಂಬೆಹಣ್ಣು ಕೊಯ್ದ, ಕೆಂಪು ರಸ ಇಳಿಯಿತು. ಆಮೇಲೆ ಬಾವಿಕಟ್ಟೆಯ ಹತ್ತಿರ ಅಗೆಸಿ, ತಾನೇ ಗುಂಡಿಗೆ ಕೈಹಾಕಿ, ಸುತ್ತಿದ ತಾಮ್ರದ ತಗಡೊಂದನ್ನು ತೆಗೆದು ಜಗಲಿಯ ಮೇಲಿಟ್ಟ. 'ಏಳು ವರ್ಷದಿಂದ ಇಲ್ಲಿದೆ. ಮಾಡಿಸಿದ್ದು ಹೊರಗಿನವರಲ್ಲ, ಬಡಗು ದಿಕ್ಕಿನವರು' ಅಂದ. ಹೆಸರು ಹೇಳಲಿಲ್ಲ. ಬಡಗು ದಿಕ್ಕಿನಲ್ಲಿ ಇದ್ದದ್ದು ದೊಡ್ಡಪ್ಪನ ಮನೆ ಒಂದೇ. ಮಳೆ ಬಿಟ್ಟದ್ದೇ ನಡುವೆ ಕಲ್ಲಿನ ಕಂಪೌಂಡು ಎದ್ದಿತು.

ಅಮ್ಮನಿಗಿದ್ದದ್ದು ಥೈರಾಯ್ಡ್. ಮೂರು ವರ್ಷ ಕಳೆದು ಗೊತ್ತಾಯಿತು. ಮಾತ್ರೆ ಶುರುವಾಯಿತು, ಅಮ್ಮ ಚೇತರಿಸಿಕೊಂಡಳು. ಕಂಪೌಂಡು ಹಾಗೇ ಉಳಿಯಿತು.

ಲಿಂಬೆಯ ಗುಟ್ಟು ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಚೂರಿಗೆ ಕೆಂಪು ದಾಸವಾಳ ಉಜ್ಜಿ ಒಣಗಿಸಿದರೆ ಸಾಕು, ಲಿಂಬೆಯ ಹುಳಿ ತಾಗಿದ ಕೂಡಲೇ ಕೆಂಪಾಗುತ್ತದೆ. ಕುಂಬಳೆ ಜಾತ್ರೆಯ ಬೆಡಿಗೆ ಹೋದಾಗ ಕಣ್ಕಟ್ಟಿನವನೊಬ್ಬ ಇದಕ್ಕಿಂತ ಚೆಂದದ್ದನ್ನು ಮಾಡಿದ್ದ, ಬುಟ್ಟಿ ಮುಚ್ಚಿ ತೆಗೆದರೆ ಒಳಗೆ ಮಾವಿನ ಗಿಡ! ಆಟ ಮುಗಿದ ಮೇಲೆ ಹೊಟ್ಟೆ ತಟ್ಟಿಕೊಂಡು 'ಎಲ್ಲ ಇದಕ್ಕೋಸ್ಕರ ಸ್ವಾಮಿ' ಅಂತ ತಟ್ಟೆ ಹಿಡಿದ. ಅವನ ಮೇಲೆ ನನಗೆ ಇವತ್ತಿಗೂ ಗೌರವ.

ಕಳಂಜನ ಮೇಲೂ ಅಷ್ಟೇ. ಆಟಿ ತಿಂಗಳಲ್ಲಿ, ಅಂದರೆ ಮಳೆ ಬಿಡದೆ ಹೊಯ್ದು ಕೆಲಸವಿಲ್ಲದೆ ಅಕ್ಕಿ ಮುಗಿದು ಮನೆಮನೆಗೆ ಜ್ವರ ಬರುವ ಕಾಲದಲ್ಲಿ, ನಲಿಕೆ ಸಮುದಾಯದವರು ಕಳಂಜನ ವೇಷದಲ್ಲಿ ತೆಂಗಿನ ಎಳೆಗರಿಯ ಸಿರಿ ಕಟ್ಟಿ, ಓಲೆಕೊಡೆ ತಿರುಗಿಸುತ್ತಾ, ತೆಂಬರೆ ಬಡಿತಕ್ಕೆ ಅಂಗಳದಲ್ಲಿ ಕುಣಿಯುತ್ತಿದ್ದರು. ಅಜ್ಜಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಅರಸಿನ, ಮಸಿ ತಂದಿಡುತ್ತಿದ್ದಳು. ಅರಸಿನಕ್ಕೆ ಸುಣ್ಣ ಸೇರಿಸಿದ ಕೆಂಪು ನೀರು ನಿವಾಳಿಸಿ ಚೆಲ್ಲಿದರೆ ಮಾರಿ ಹೋಯಿತು ಅಂತ ಲೆಕ್ಕ. ತೆಂಕಲಾಗಿ ಕಾಞಂಗಾಡು, ನೀಲೇಶ್ವರದ ಕಡೆ ಹೋದರೆ ಇದೇ ತಿಂಗಳಲ್ಲಿ ಆಡಿ, ವೇಡನ್ ಅನ್ನುವ ವೇಷಗಳು ಬರುತ್ತವೆ. ಅಲ್ಲೂ ಹೀಗೆಯೇ ಕೆಂಪು ನೀರು, ಕರಿ ನೀರು.

ನೋಡಿ, ಕಳಂಜನೂ ಮಾರಿ ಬಂದಿದೆ ಅಂತಲೇ ಹೇಳುತ್ತಿದ್ದ. ಆದರೆ ಕಳಿಸಿದ್ದು ಯಾರು ಅಂತ ಯಾವತ್ತೂ ಹೇಳಲಿಲ್ಲ. ನಮ್ಮ ಅಂಗಳದಲ್ಲಿ ಕುಣಿದು, ಹಾಗೇ ಇಳಿದು ದೊಡ್ಡಪ್ಪನ ಅಂಗಳಕ್ಕೂ ಹೋಗುತ್ತಿದ್ದ.

ಹಾಗಂತ ಹಳೆಯದೆಲ್ಲ ಚೆಂದ ಅನ್ನುವವರ ಸಾಲಿನಲ್ಲಿ ನಾನಿಲ್ಲ. ಕಳಂಜನಿಗೆ ಅಂಗಳದಿಂದ ಈಚೆ ಬರಲು ಬಿಡುತ್ತಿರಲಿಲ್ಲ. ಇನ್ನು ಕೊರಗ ಸಮುದಾಯದವರಿಗೆ ಮಾಡಿದ್ದು ಬರೆಯಲಿಕ್ಕೇ ನಾಚಿಕೆ. ನಮ್ಮ ಪೀಡೆ ಅವರಿಗೆ ಹೋಗಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಅಜಲು ಅನ್ನುವ ಈ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ಬೇಕಾಯಿತು. ಈಗ 'ಆಟಿಡೊಂಜಿ ದಿನ' ಅಂತ ಹಾಲ್ ಬುಕ್ ಮಾಡಿ ಕಳಂಜನ ಜೊತೆ ಸೆಲ್ಫಿ ತೆಗೆಯುವವರು ಇದನ್ನೂ ಒಂಚೂರು ನೆನಪಿಡಬಹುದು.

ನಮ್ಮ ಜಿಲ್ಲೆಯ ಎಣ್ಮಕಜೆಯ ಪಡ್ರೆಯಲ್ಲಿ ಮಕ್ಕಳು ಅಂಗವಿಕಲರಾಗಿ ಹುಟ್ಟತೊಡಗಿದಾಗ ದೈವದ ಮುನಿಸು ಅಂತಲೇ ಜನ ನಂಬಿದ್ದರು. ಗುಡ್ಡದ ಮೇಲಿನ ಸರ್ಕಾರಿ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಬೀಳುತ್ತಿತ್ತು, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಅಲ್ಲಿಯ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ನೋಡಿ ನೋಡಿಯೇ ಅನುಮಾನ ಪಟ್ಟದ್ದು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಅಷ್ಟು ವರ್ಷ ಎಷ್ಟು ತಾಯಂದಿರು ತಮ್ಮದೇ ತಪ್ಪು ಅಂತ ಹರಕೆ ಹೊತ್ತರೋ.

ತಲಪಾಡಿ ಗಡಿ ದಾಟಿದರೆ ಕರ್ನಾಟಕದಲ್ಲಿ ವಾಮಾಚಾರದ ವಿರುದ್ಧ 2017ರ ಕಾಯ್ದೆ ಇದೆ. ಗಡಿಯ ಈಚೆ ಕೇರಳದಲ್ಲಿ, 2022ರಲ್ಲಿ ಇಲಂತೂರಿನಲ್ಲಿ ಇಬ್ಬರು ಹೆಂಗಸರ ನರಬಲಿಯಾದ ಮೇಲೆ ಭಾರೀ ಚರ್ಚೆಯಾಯಿತು, ಕಾನೂನಿನ ಕರಡಿನ ಮಾತೂ ಬಂತು, ಆಮೇಲೆ ತಣ್ಣಗಾಯಿತು. ಆದರೆ 'ಬಡಗು ದಿಕ್ಕಿನವರು' ಅಂತ ಸುಮ್ನೆ ಒಂದು ಮಾತು ಹೇಳಿ ದಕ್ಷಿಣೆ ತೆಗೆದುಕೊಂಡು ಹೋಗುವವನನ್ನು ಯಾವ ಕಾನೂನು ಹಿಡಿಯುತ್ತದೆ, ನೀವೇ ಹೇಳಿ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಹದಿಮೂರರ ಊಟ ಮುಗಿಸಿ ಬಂದು ಅಮ್ಮ ಹುಣಸೆಹುಳಿ ಹಾಕಿ ತಾಮ್ರದ ಕೊಡ ಉಜ್ಜುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು: 'ನಾಲ್ಕು ದಿನ ಬಿಟ್ಟರೆ ಕೊಡ ಕಪ್ಪಾಗ್ತದೆ. ಏಳು ವರ್ಷ ಮಣ್ಣಲ್ಲಿದ್ದ ತಗಡು ಅದು ಹೇಗೆ ಹೊಳೀತಿತ್ತು ಮಗಾ?'