ಗರ್ಭಿಣಿಯರನ್ನು ಮಾಹಿತಿಯಿಂದ ರಕ್ಷಿಸುವ ಬಗೆ

ಔಷಧ ಸಂಶೋಧನೆಯ ಲೋಕದಲ್ಲಿ ಗರ್ಭಿಣಿಗೆ ಸಲ್ಲುವ ಗೌರವ ಅಪಾರವಾದುದು. ಆಕೆಯನ್ನು ಪ್ರಯೋಗಾಲಯದ ಹೊಸ್ತಿಲನ್ನೂ ತುಳಿಯಗೊಡುವುದಿಲ್ಲ. 2021ರ ಜನವರಿಯಲ್ಲಿ ನಮ್ಮಲ್ಲಿ ಕೋವಿಡ್ ಲಸಿಕೆ ಹಾಕಲು ತೊಡಗಿದಾಗ, ಗರ್ಭಿಣಿಯರು ಲಸಿಕೆಯ ಪ್ರಯೋಗಗಳಲ್ಲಿ ಭಾಗವಹಿಸಿಲ್ಲವಾದ್ದರಿಂದ ಅವರಿಗೆ ಲಸಿಕೆ ಸಲ್ಲದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತು. ಅವರೇಕೆ ಭಾಗವಹಿಸಲಿಲ್ಲ? ಸುರಕ್ಷಿತವೆಂಬ ಮಾಹಿತಿ ಇರಲಿಲ್ಲ. ಮಾಹಿತಿ ಏಕಿರಲಿಲ್ಲ? ಅವರು ಭಾಗವಹಿಸಿರಲಿಲ್ಲ. ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆ ಮಾತ್ರ ಈ ಸುತ್ತೋಲೆಯನ್ನು ಓದುವ ಸೌಜನ್ಯ ತೋರದೆ, ಬಸುರಿ ಬಾಣಂತಿಯೆನ್ನದೆ ಎಲ್ಲರ ಶ್ವಾಸಕೋಶಕ್ಕೂ ಇಳಿಯಿತು. ಗರ್ಭಿಣಿಯರಿಗೆ ಲಸಿಕೆಯ ಅನುಮತಿ ಸಿಕ್ಕಿದ್ದು ಜುಲೈ 2ರಂದು.

ಈ ಎಚ್ಚರಿಕೆಗೆ ಥಾಲಿಡೊಮೈಡ್ ದುರಂತವೇ ಕಾರಣವೆಂದು ಬಲ್ಲವರು ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಆ ಮಾತ್ರೆಯನ್ನು ಬಸುರಿನ ವಾಕರಿಕೆಗೆಂದು ನುಂಗಿದ ತಾಯಂದಿರಿಗೆ ಕೈಕಾಲು ಮೊಟಕಾದ ಸಾವಿರಾರು ಮಕ್ಕಳು ಹುಟ್ಟಿದವು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಬಸುರಿನಲ್ಲಿ ಅದರ ಪರಿಣಾಮವೇನೆಂದು ಸರಿಯಾಗಿ ಪರೀಕ್ಷಿಸದೆ ಮಾರಿದ್ದು ಅಲ್ಲಿಯ ಅಪರಾಧ. ಅದರಿಂದ ಲೋಕ ಕಲಿತ ಪಾಠವೋ, ಮಾರುವುದು ಹೇಗೂ ಇದ್ದದ್ದೇ, ಪರೀಕ್ಷೆಯನ್ನಾದರೂ ಬಿಡೋಣ ಎಂಬುದು! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1977ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗರ್ಭ ಧರಿಸಬಲ್ಲ ಹೆಂಗಸರನ್ನೆಲ್ಲ ಆರಂಭಿಕ ಹಂತದ ಪ್ರಯೋಗಗಳಿಂದ ಸಾಮಾನ್ಯವಾಗಿ ದೂರವಿಡಲು ಹೇಳಿತು. ಆ ಸೂಚನೆಯನ್ನು ಕೈಬಿಡಲು 1993 ಬರಬೇಕಾಯಿತು.

ಗರ್ಭಿಣಿಯರಿಗೆ ಆಸ್ತಮಾ, ಅಪಸ್ಮಾರ, ರಕ್ತದೊತ್ತಡ ಬಾರದಿದ್ದರೆ ಇದೆಲ್ಲ ಸೊಗಸಾಗಿಯೇ ನಡೆಯುತ್ತಿತ್ತು. ಅವು ಬರುವುದರಿಂದ ಔಷಧ ಕೊಡಲೇಬೇಕಾಗುತ್ತದೆ. ಹಾಗೆ ಕೊಡುವ ಪ್ರತಿ ಗುಳಿಗೆಯೂ, ಪ್ರಯೋಗದ ನ್ಯಾಯಾನ್ಯಾಯ ನೋಡುವ ಎಥಿಕ್ಸ್ ಕಮಿಟಿಯಿಲ್ಲದ, ಒಪ್ಪಿಗೆ ಪತ್ರವಿಲ್ಲದ, ಪರಿಹಾರದ ಖಾತರಿಯಿಲ್ಲದ ಒಬ್ಬಳ ಮೇಲಿನ ಪ್ರಯೋಗವೇ ಸರಿ. ಫಲಿತಾಂಶವನ್ನು ಯಾರೂ ಬರೆದಿಡುವುದಿಲ್ಲವೆಂಬುದೊಂದೇ ವ್ಯತ್ಯಾಸ. (ನಮ್ಮ ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ಸುಮಾರು 12,000 ಚೊಚ್ಚಲ ಬಸುರಿಯರನ್ನು ಅವರ ಒಪ್ಪಿಗೆ ಪಡೆದೇ ಸೇರಿಸಿಕೊಂಡು, ಅಲ್ಪ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ತಗ್ಗಿಸುತ್ತದೆಂದು 2020ರಲ್ಲಿ ತೋರಿಸಿಕೊಟ್ಟವರು, ಇಷ್ಟು ಸುಲಭವಾದ ಅಜ್ಞಾನವನ್ನು ಬಿಟ್ಟು ಏಕೆ ಅಷ್ಟು ಕಷ್ಟಪಟ್ಟರೋ ತಿಳಿಯದು.)

ಉಳಿದಂತೆ ಔಷಧದ ಡಬ್ಬಿಯೊಳಗಿನ ಚೀಟಿ ಇದೆಯಲ್ಲ. ಗರ್ಭಿಣಿಯರಲ್ಲಿ ಸುರಕ್ಷತೆ ದೃಢಪಟ್ಟಿಲ್ಲ, ವೈದ್ಯರ ಸಲಹೆಯಂತೆ ಬಳಸಿರಿ ಎಂದು ಅದರಲ್ಲಿ ಬರೆದಿರುತ್ತದೆ. ವೈದ್ಯರನ್ನು ಕೇಳಿದರೆ ಅವರು ಕನ್ನಡಕ ಏರಿಸಿಕೊಂಡು ಅದೇ ಚೀಟಿಯನ್ನು ಬಿಚ್ಚುತ್ತಾರೆ.