ಬಿರುಗಾಳಿಗೊಂದು ಸರ್ಕಾರಿ ಕೆಲಸ

"ಆಟ ಆಡ್ಕೋ, ಬೇಡ ಅನ್ನಲ್ಲ. ಆದ್ರೆ ಕೈಯಲ್ಲಿ ಒಂದು ಕೆಲಸ ಅಂತ ಇರ್ಲಿ." ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ನಾನೇನು ದೊಡ್ಡ ಆಟಗಾರನಲ್ಲ. ಸಂಜೆ ಬೀದಿಯಲ್ಲಿ ಟೆನಿಸ್ ಬಾಲ್ ಬಡಿಯುತ್ತಿದ್ದವನು. ಆದರೂ ನಮ್ಮ ಸೋದರಮಾವ ನನ್ನ ಕೈಯಲ್ಲಿ ಬ್ಯಾಟು ಕಂಡಾಗಲೆಲ್ಲ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ನನ್ನಿಂದ ಎರಡೂ ಸರಿಯಾಗಿ ಆಗಲಿಲ್ಲ ಅನ್ನಿ. ಎರಡನ್ನೂ ಚೆನ್ನಾಗಿ ಮಾಡಿದ ಒಬ್ಬನ ಕಥೆ ಸಿಕ್ಕಿದ್ದು ಕೆನಡಾದಲ್ಲಿ, ಅದೂ ನೂರು ವರ್ಷಕ್ಕೂ ಹಿಂದಿನದು.

ಹೆಸರು ಫ್ರೆಡ್ ಟೇಲರ್. ಐಸ್ ಹಾಕಿ ಆಟಗಾರ. ನಮ್ಮ ಹಾಕಿಯ ಚೆಂಡಿನ ಬದಲು ಅಲ್ಲಿ ಪಕ್ ಅನ್ನುವ ರಬ್ಬರ್ ಬಿಲ್ಲೆ, ಹುಲ್ಲಿನ ಬದಲು ಮಂಜುಗಡ್ಡೆ, ಕಾಲಿಗೆ ಸ್ಕೇಟು. ಅದರ ಮೇಲೆ ಟೇಲರ್ ಓಡುತ್ತಿದ್ದ ವೇಗಕ್ಕೆ ಜನ 'ಸೈಕ್ಲೋನ್' ಅಂತಲೇ ಹೆಸರಿಟ್ಟರು. 1907ರಲ್ಲಿ ಒಟ್ಟಾವ ತಂಡ ಅವನನ್ನು ಕರೆದಾಗ 10 ಪಂದ್ಯಕ್ಕೆ 500 ಡಾಲರ್ ಅಂದಿತು. ಜೊತೆಗೆ ಇನ್ನೊಂದು ಕೊಡುಗೆ: ವಲಸೆ ಇಲಾಖೆಯಲ್ಲಿ ಗುಮಾಸ್ತನ ಕೆಲಸ, ತಿಂಗಳಿಗೆ 35 ಡಾಲರ್. ಇದನ್ನು ಓದಿದಾಗ ನನಗೆ ಥಟ್ಟನೆ ಮಾವ ನೆನಪಾದರು.

ಎರಡು ವರ್ಷಕ್ಕೆ ರೆನ್‌ಫ್ರೂ ಎಂಬ ಪುಟ್ಟ ಊರಿನವರು ಬಂದು 5,250 ಡಾಲರ್ ಮುಂದಿಟ್ಟರು. ಆಡಬೇಕಾದದ್ದು ಹನ್ನೆರಡೇ ಪಂದ್ಯ! ತಂಡದ ಹೆಸರು ಕ್ರೀಮರಿ ಕಿಂಗ್ಸ್, ಅಂದರೆ ಬೆಣ್ಣೆ ಡೇರಿಯ ರಾಜರು. ದುಡ್ಡು ಮಾತ್ರ ಬೆಣ್ಣೆಯದಲ್ಲ, ಗಣಿ ಸಾಹುಕಾರರದು. ಜನ ಸುಮ್ನಿರ್ತಾರಾ? 'ಮಿಲಿಯನೇರ್ಸ್' ಅಂತ ಕರೆದರು. ಹಳೇ ಗೆಳೆಯರ ಒಟ್ಟಾವ ತಂಡದ ಮೇಲೆ ಹಿಮ್ಮುಖವಾಗಿ ಓಡಿಯೇ ಗೋಲು ಹೊಡೀತೀನಿ ಅಂತ ಟೇಲರ್ ಜಂಬ ಕೊಚ್ಚಿಕೊಂಡಿದ್ದ. ಮೊದಲ ಸಲ ಆಗಲಿಲ್ಲ. 1910ರ ಮಾರ್ಚ್‌ನಲ್ಲಿ ಮತ್ತೆ ಎದುರಾದಾಗ ಸ್ವಲ್ಪ ದೂರ ಬೆನ್ನು ಮುಂದೆ ಮಾಡಿಕೊಂಡೇ ಸಾಗಿ ಗೋಲು ಹೊಡೆದ ಅಂತ ಕಥೆ. ರೆನ್‌ಫ್ರೂ 17, ಒಟ್ಟಾವ 2. ಅಷ್ಟು ಗೋಲು ಬಿದ್ದ ಮೇಲೆ ಯಾವುದು ಹಿಮ್ಮುಖ, ಯಾವುದು ಮುಮ್ಮುಖ ಅಂತ ಯಾರು ಲೆಕ್ಕ ಇಡ್ತಾರೆ ಅಲ್ವಾ?

ಮದುವೆ ವಿಷಯದಲ್ಲಂತೂ ಅವನು ನಮ್ಮ ಕಡೆಯವನೇ ಅನ್ನಿಸುತ್ತದೆ. ಥರ್ಜಾ ಕುಕ್ ಎಂಬ ಹುಡುಗಿಯನ್ನು ಮೆಚ್ಚಿದ್ದ. ಹುಡುಗಿಯ ತಾಯಿಗೆ ಹಾಕಿ ಆಡೋ ಹುಡುಗ ಹಿಡಿಸಿರಲಿಲ್ಲವಂತೆ. ಬ್ಯಾಂಕಿನಲ್ಲಿ 10,000 ಡಾಲರ್ ಸೇರಿಸದೆ ಮದುವೆ ಇಲ್ಲ ಅಂತ ಟೇಲರ್ ಹಟ ಹಿಡಿದ. ಕೊನೆಗೂ 1914ರ ಮಾರ್ಚ್‌ನಲ್ಲಿ ಮದುವೆಯಾಯಿತು.

ಅಷ್ಟೊತ್ತಿಗೆ ಅವನು ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರಿನಲ್ಲಿದ್ದ. ಅಲ್ಲಿನ ತಂಡದಲ್ಲಿ ಅವನು ರೋವರ್. ಆಗ ತಂಡಕ್ಕೆ ಏಳು ಜನ. ಆ ಏಳನೆಯವನಿಗೆ ಇಂಥದ್ದೇ ಜಾಗ ಅಂತಿಲ್ಲ, ಎಲ್ಲಿ ಬೇಕಾದರೂ ಅಲೆಯಬಹುದು. ಅವನ ಕಾಲಿಗೆ ಹೇಳಿ ಮಾಡಿಸಿದ ಕೆಲಸ. ಹಗಲಿನ ಕೆಲಸ ಮಾತ್ರ ಅದೇ ವಲಸೆ ಇಲಾಖೆ. ಯಾರು ಒಳಗೆ ಬರಬಹುದು, ಯಾರು ಬರಬಾರದು ಅಂತ ಕಾಗದ ನೋಡುವುದು.

ಮದುವೆಯಾಗಿ ಎರಡು ತಿಂಗಳು. ಮೇ 23ಕ್ಕೆ ಕೊಮಗಾಟ ಮಾರು ಎಂಬ ಹಡಗು ವ್ಯಾಂಕೂವರಿಗೆ ಬಂತು. ಒಳಗೆ 376 ಜನ, ಎಲ್ಲ ನಮ್ಮ ದೇಶದವರು, ಹೆಚ್ಚಿನವರು ಪಂಜಾಬಿನ ಸಿಖ್ಖರು. ಹಡಗನ್ನು ಎದುರುಗೊಂಡ ಮೊದಲ ವಲಸೆ ಅಧಿಕಾರಿ ನಮ್ಮ ಸೈಕ್ಲೋನ್. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ ಕಾನೂನು. ಭಾರತದಿಂದ ನೇರ ಹಡಗೇ ಇರಲಿಲ್ಲ. ಜೊತೆಗೆ ತಲೆಗೆ 200 ಡಾಲರ್ ಕೈಯಲ್ಲಿರಬೇಕು. ಕಾನೂನು ಬರೆದವನು ಟೇಲರ್ ಅಲ್ಲ ನಿಜ, ಆದರೆ ಅದನ್ನು ಹಿಡಿದು ನಿಂತವರಲ್ಲಿ ಅವನೂ ಒಬ್ಬ. ಎರಡು ತಿಂಗಳು ಹಡಗು ಕೊಲ್ಲಿಯಲ್ಲೇ ಲಂಗರು ಹಾಕಿ ನಿಂತಿತು, ದಡ ಕಣ್ಣಿಗೆ ಕಾಣುವ ಹಾಗೆ. ಇಳಿಯಲು ಬಿಟ್ಟದ್ದು 24 ಜನರನ್ನು. ಜುಲೈ 23ಕ್ಕೆ ನೌಕಾಪಡೆಯ ಹಡಗೊಂದು ಕಾವಲಾಗಿ ಬಂದು ಅದನ್ನು ವಾಪಸ್ ಕಳಿಸಿತು. ಕಲ್ಕತ್ತೆಯ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಸರ್ಕಾರ ಗುಂಡು ಹಾರಿಸಿತು.

ಮುಂದಿನ ಮಾರ್ಚ್‌ನಲ್ಲಿ ವ್ಯಾಂಕೂವರ್ ತಂಡ ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಸೋತದ್ದು ಅದೇ ಒಟ್ಟಾವ, ಮೂರಕ್ಕೆ ಮೂರೂ ಪಂದ್ಯ. ಟೇಲರ್ ಗೋಲಿನ ಮೇಲೆ ಗೋಲು ಹೊಡೆದ. ಆಡಿದ ಡೆನ್‌ಮನ್ ಅರೀನಾ ಇದ್ದದ್ದೂ ಅದೇ ಕೊಲ್ಲಿಯ ದಡದಲ್ಲಿ.

ಈ ಕಥೆಯನ್ನು ಮೊನ್ನೆ ಮಾವನಿಗೆ ಹೇಳಿದೆ. ತಿಂಗಳಿಗೆ 35 ಡಾಲರ್ ಅಂದಾಗ ತಲೆದೂಗಿದರು. ಆಟ ಬಿಟ್ಟ ಮೇಲೂ ಅದೇ ಇಲಾಖೆಯಲ್ಲಿದ್ದು ಆ ಪ್ರಾಂತ್ಯದ ಮುಖ್ಯಸ್ಥನಾದ, 94 ವರ್ಷ ಬದುಕಿ 1979ರಲ್ಲಿ ತೀರಿಕೊಂಡ ಅಂದಾಗ, "ನೋಡ್ದ್ಯಾ, ನಾನು ಹೇಳಿರ್ಲಿಲ್ವಾ" ಅಂತ ನಕ್ಕರು. ಹಡಗಿನ ಕಥೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಕೇಳಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು ಕೇಳಿದರು:

"ಎರಡು ತಿಂಗ್ಳು ಅಲ್ಲೇ ನಿಂತಿದ್ರು ಅಂತೀಯಲ್ಲ, ಕುಡಿಯೋಕೆ ನೀರು ಯಾರು ಕೊಟ್ರಂತೆ?"