‘ತಪ್ಪದೆ ಕೊಟ್ಟಿದ್ದೇನೆ’

ಸಾಕುಪ್ರಾಣಿಗಳ ನರ್ಸ್ ಆಗಿ ಮನೆಮನೆಗೆ ಹೋಗುವುದು ನನ್ನ ಕೆಲಸ. ಹೀಗೆಂದು ಹೇಳಿಕೊಂಡಾಗ ‘ಬೆಕ್ಕಿಗೂ ಮನೆಗೆ ಬರುವ ನರ್ಸೇ?’ ಎಂದು ನಗುವವರೇ ಹೆಚ್ಚು. ಅವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಮನುಷ್ಯರ ಕಾಯಿಲೆಗೂ ನರ್ಸ್ ಮನೆಗೆ ಬರುವುದು ಒಂದು ಕಾಲದಲ್ಲಿ ಉಳ್ಳವರಿಗಷ್ಟೇ ಒದಗುತ್ತಿದ್ದ ಸೌಕರ್ಯವಾಗಿತ್ತು. 1859ರಲ್ಲಿ ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾಥ್‌ಬೋನ್, ತೀರಿಕೊಂಡ ತನ್ನ ಹೆಂಡತಿಯ ಆರೈಕೆ ಮಾಡಿದ್ದ ಮೇರಿ ರಾಬಿನ್‌ಸನ್ ಎಂಬ ನರ್ಸನ್ನು ಆ ಊರಿನ ಬಡವರ ಮನೆಗಳಿಗೆ ಕಳುಹಿಸಿದ ಮೇಲೆಯೇ ಅದೊಂದು ವ್ಯವಸ್ಥೆಯಾಗಿ ಬೇರೂರತೊಡಗಿತು. ಪ್ರಾಣಿಗಳ ಸರದಿ ತಡವಾಗಿ ಬಂದಿದೆ, ಅಷ್ಟೆ.

ರೋಗ ಇಂಥದ್ದೆಂದು ಹೇಳುವುದಾಗಲಿ, ಔಷಧ ಬರೆದುಕೊಡುವುದಾಗಲಿ ನನ್ನ ಕೆಲಸವಲ್ಲ, ಅದು ಪಶುವೈದ್ಯರದು. ನಾನು ಗಾಯದ ಪಟ್ಟಿ ಬದಲಿಸುತ್ತೇನೆ, ಮೂತ್ರಪಿಂಡ ಸೋತ ಬೆಕ್ಕಿಗೆ ಚರ್ಮದಡಿ ದ್ರಾವಣ ಏರಿಸುತ್ತೇನೆ, ಬೆಳೆದು ಪಾದಕ್ಕೆ ಚುಚ್ಚಿಕೊಂಡ ಮುದಿ ಬೆಕ್ಕಿನ ಉಗುರು ಕತ್ತರಿಸುತ್ತೇನೆ. ಇವೆಲ್ಲವನ್ನೂ ಆಸ್ಪತ್ರೆಯಲ್ಲೂ ಮಾಡಬಹುದು. ಮನೆಯಲ್ಲಿ ಮಾತ್ರ ಸಾಧ್ಯವಾಗುವುದು ಬೇರೊಂದಿದೆ: ಬರೆದುಕೊಟ್ಟ ಔಷಧಕ್ಕೂ ಪ್ರಾಣಿಯ ಹೊಟ್ಟೆಗೆ ಸೇರುವ ಔಷಧಕ್ಕೂ ನಡುವೆ ಏನಾಗುತ್ತಿದೆ ಎಂಬುದನ್ನು ಕಣ್ಣಾರೆ ನೋಡುವುದು.

ಒಂದು ಮನೆಯ ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನಕ್ಕೆರಡು ಬಾರಿ ಇನ್ಸುಲಿನ್ ಹಾಕುತ್ತಿದ್ದರೂ ಸಕ್ಕರೆ ಇಳಿದಿರಲಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿದ ಬೆಕ್ಕಿನ ಸಕ್ಕರೆ ಭಯಕ್ಕೇ ಏರುವುದುಂಟು. ಹಾಗಾಗಿ ಪ್ರಮಾಣ ಹೆಚ್ಚಿಸುವ ಮುನ್ನ ಮನೆಯಲ್ಲೊಮ್ಮೆ ನೋಡಿ ಬಾ ಎಂದು ವೈದ್ಯರು ನನ್ನನ್ನು ಕಳುಹಿಸಿದ್ದರು. ಆ ಮನೆಯಾಕೆಯ ಕೈ ಎಷ್ಟು ಪಳಗಿತ್ತೆಂದರೆ, ಸೂಜಿ ಒಳಗೆ ಹೋಗಿ ಹೊರಗೆ ಬಂದರೂ ಬೆಕ್ಕು ತಟ್ಟೆಯಿಂದ ತಲೆ ಎತ್ತಲಿಲ್ಲ. ಚುಚ್ಚಿದ್ದು ಸರಿ, ಹೊತ್ತು ಸರಿ, ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟದ್ದೂ ಸರಿ. ತಪ್ಪಿದ್ದದ್ದು ಸಿರಿಂಜು. ಆ ಬೆಕ್ಕಿಗೆ ಬರೆದುಕೊಟ್ಟಿದ್ದ ಇನ್ಸುಲಿನ್ನಿನಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಆಕೆ ತಂದಿದ್ದದ್ದು ಮಿಲಿಲೀಟರಿಗೆ 100 ಯೂನಿಟ್ ಇರುವ ಮನುಷ್ಯರ ಇನ್ಸುಲಿನ್ನಿಗೆ ಮಾಡಿದ ಸಿರಿಂಜು. ಅದರಲ್ಲಿ 2ರ ಗೆರೆಯವರೆಗೆ ಎಳೆದರೆ ಬೆಕ್ಕಿಗೆ ಸಿಗುವುದು 0.8 ಯೂನಿಟ್ ಮಾತ್ರ. ಮೊದಲು ಕೊಟ್ಟ ಸಿರಿಂಜುಗಳು ಮುಗಿದಾಗ ಗಾತ್ರದಲ್ಲಿ ಅವನ್ನೇ ಹೋಲುವವನ್ನು ತಂದಿದ್ದರು, ಬೇರೇನಿಲ್ಲ. ಗಮನಿಸದೆ ಪ್ರಮಾಣ ಹೆಚ್ಚಿಸಿದ್ದು, ಮುಂದೊಂದು ದಿನ ಸರಿಯಾದ ಸಿರಿಂಜೇ ಅವರ ಕೈಗೆ ಬಂದಿದ್ದರೆ, ಸಕ್ಕರೆ ಏಕಾಏಕಿ ಕುಸಿದು ಬೆಕ್ಕಿಗೆ ಸೆಳೆತ ಬರುವ ಸಾಧ್ಯತೆಯಿತ್ತು.

ಆ ಮನೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿಸಿದ್ದು ಇನ್ನೊಂದು ಮನೆಯಲ್ಲಿ, ಹೇಳಿಸಿದವಳು ನಾನೇ.

ಹೃದಯದ ಕಾಯಿಲೆಯ ಒಂದು ಮುದಿ ನಾಯಿ, ಅದರ ಜೊತೆಗೆ ಒಬ್ಬರೇ ಇರುವ ಹಿರಿಯರು. ಶ್ವಾಸಕೋಶದಲ್ಲಿ ನೀರು ತುಂಬದಂತೆ ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ, ಮೂತ್ರ ಹೆಚ್ಚಿಸುವ ಮಾತ್ರೆ. ಮೊದಲ ಭೇಟಿಯಲ್ಲಿ ಹಾಳೆಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿ, ಲೆಕ್ಕ ತಪ್ಪಿದ್ದನ್ನು ಕಂಡು, ‘ಹೀಗೆ ಮಾಡಿದರೆ ನಾಯಿ ಉಳಿಯುವುದಿಲ್ಲ’ ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಪ್ರಯೋಜನವೂ ಇರಲಿಲ್ಲ. ಮುಂದಿನ ಭೇಟಿಯಲ್ಲಿ ಹಾಳೆಯ ಲೆಕ್ಕ ಸರಿಯಾಗಿತ್ತು, ‘ತಪ್ಪದೆ ಕೊಟ್ಟಿದ್ದೇನೆ’ ಎಂದರು, ನಾಯಿ ಮಾತ್ರ ಮೊದಲಿಗಿಂತ ಹೆಚ್ಚು ಏದುಸಿರು ಬಿಡುತ್ತಿತ್ತು. ಮಲಗಿದ್ದ ನಾಯಿಯ ಉಸಿರು ಎಣಿಸಲು ನೆಲಕ್ಕೆ ಕೂತಾಗ ಸೋಫಾದ ಕೆಳಗೆ ಧೂಳು ಹಿಡಿದ ಬಿಳಿ ಮಾತ್ರೆಗಳು ಕಾಣಿಸಿದವು. ಒಂಬತ್ತೋ ಹತ್ತೋ ಇದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು. ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಕಾರಣ ಕೇಳಿದಾಗ ತಿಳಿದದ್ದಿಷ್ಟು: ರಾತ್ರಿಯ ಮಾತ್ರೆ ಕೊಟ್ಟರೆ ನಾಯಿಗೆ ನಡುರಾತ್ರಿ ಹೊರಗೆ ಹೋಗಬೇಕಾಗುತ್ತಿತ್ತು, ಕತ್ತಲಲ್ಲಿ ಮೆಟ್ಟಿಲಿಳಿಯಲು ಅವರ ಮಂಡಿ ಒಪ್ಪುತ್ತಿರಲಿಲ್ಲ, ಒಮ್ಮೆ ಬಿದ್ದೂ ಇದ್ದರು. ಒಳಗೇ ಒದ್ದೆ ಮಾಡಿಕೊಂಡರೆ ನಾಯಿ ನಾಚಿಕೊಂಡು ಮೂಲೆ ಸೇರುತ್ತದೆ, ಅದನ್ನು ನೋಡಲಾಗುವುದಿಲ್ಲ ಎಂದರು. (ನಾಯಿಗೆ ನಾಚಿಕೆಯಾಗುತ್ತದೆಯೇ ಎಂಬ ಚರ್ಚೆ ಇಲ್ಲಿ ಬೇಡ, ಅವರಿಗೆ ಹಾಗೆ ಕಾಣುತ್ತಿತ್ತು.) ನಿರ್ಲಕ್ಷ್ಯವೆಂದು ನಾನು ಬರೆದುಕೊಂಡಿದ್ದು ನಿಜವಾಗಿ ಒಂದು ಮೆಟ್ಟಿಲಿನ ಸಮಸ್ಯೆಯಾಗಿತ್ತು. ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಕೊಡಬಹುದೆಂದು ಅವರು ಒಪ್ಪಿದರು. ಎರಡು ನಿಮಿಷದ ಮಾತು ಅದು.

ಅಂದಿನಿಂದ ‘ಮಾತ್ರೆ ಕೊಟ್ಟಿರಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ‘ಕೊಟ್ಟೆ’ ಎಂಬ ಒಂದೇ ಉತ್ತರವಿದೆ, ಅದನ್ನು ನಂಬಿದ ವೈದ್ಯರು ಔಷಧ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಇನ್ನಷ್ಟು ಬರೆಯುತ್ತಾರೆ. ‘ಯಾವ ಹೊತ್ತಿನ ಮಾತ್ರೆ ಕೊಡುವುದು ಕಷ್ಟ?’ ಎಂದು ಕೇಳಿದರೆ ಬಾಯಿ ಬಿಡುತ್ತಾರೆ: ಬೆಕ್ಕು ನೊರೆ ಉಗುಳುತ್ತದೆ, ಹಿಡಿಯಲು ಇನ್ನೊಬ್ಬರಿಲ್ಲ, ಕಚ್ಚುತ್ತದೆಂಬ ಭಯ. ಇವೆಲ್ಲಕ್ಕೂ ಸಾಮಾನ್ಯವಾಗಿ ಉಪಾಯವಿದೆ. ಬೆಕ್ಕಿಗೆ ಮಾತ್ರೆಯ ಹಿಂದೆಯೇ ನಾಲ್ಕೈದು ಮಿಲಿಲೀಟರ್ ನೀರು ಕುಡಿಸಬೇಕೆಂಬುದನ್ನು ಬಹಳ ಜನರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನಂಥ ಮಾತ್ರೆ ಅನ್ನನಾಳದಲ್ಲೇ ಕೂತರೆ ಅಲ್ಲಿ ಸುಟ್ಟಂತೆ ಹುಣ್ಣಾಗುತ್ತದೆ.

ನೀನು ಬಹಳ ಮೆತ್ತಗೆ ಎಂದು ಸಹೋದ್ಯೋಗಿಗಳು ಹೇಳುವುದುಂಟು. ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟವರಿಗೂ ಬೈಯಬಾರದೇ ಎಂದು ಕೇಳುತ್ತಾರೆ. ಬೆಕ್ಕಿನ ಯಕೃತ್ತಿಗೆ ಆ ಔಷಧವನ್ನು ನಿಭಾಯಿಸುವ ಶಕ್ತಿ ತೀರ ಕಡಿಮೆ, ಮನುಷ್ಯರ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು ಎಂಬುದು ನನಗೂ ಗೊತ್ತು. ಆದರೆ ಅಂಥ ಹೊತ್ತಿನಲ್ಲಿ ಬೇಕಾದದ್ದು ಎಷ್ಟು ಕೊಟ್ಟರು, ಯಾವಾಗ ಕೊಟ್ಟರು ಎಂಬ ನಿಜವಾದ ಲೆಕ್ಕ. ಬೈಸಿಕೊಳ್ಳುವ ಭಯವಿದ್ದವರು ಒಂದು ಮಾತ್ರೆಯನ್ನು ಅರ್ಧ ಎನ್ನುತ್ತಾರೆ, ಬೆಳಿಗ್ಗೆ ಕೊಟ್ಟದ್ದನ್ನು ಈಗಷ್ಟೇ ಎನ್ನುತ್ತಾರೆ.

ಮನೆಭೇಟಿಗೆ ಮಿತಿಗಳಿವೆ. ಬಾಯಿ ತೆರೆದು ಉಸಿರಾಡುವ ಬೆಕ್ಕು, ಮೂತ್ರ ಕಟ್ಟಿದ ಗಂಡು ಬೆಕ್ಕು, ಇವುಗಳಿಗಾಗಿ ನನ್ನ ದಾರಿ ಕಾಯಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

ಆ ಹಿರಿಯರಿಗೆ ನಾಯಿಯ ಉಸಿರು ಎಣಿಸುವುದನ್ನು ಕಲಿಸಿದೆ. ಎದೆ ಏರಿ ಇಳಿದರೆ ಒಂದು. ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30 ದಾಟಿದರೆ ಕೂಡಲೇ ಫೋನ್ ಮಾಡಬೇಕು. ಹೋದ ವಾರ ಹೋದಾಗ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಅಂಕಿಗಳಿದ್ದವು: 26, 24, 25, 24. ನಡುವೆ ಒಂದು ಚೌಕ ಖಾಲಿಯಿತ್ತು. ನಾನು ಕೇಳುವ ಮೊದಲೇ ಅವರು ಅದರ ಮೇಲೆ ಬೆರಳಿಟ್ಟು, ‘ಅವತ್ತು ನನಗೇ ನಿದ್ದೆ ಹತ್ತಿಬಿಟ್ಟಿತು ತಾಯಿ, ಎಣಿಸಲಿಲ್ಲ’ ಎಂದರು.